ಸುಮ್ನೆ ಕೂರ್ತಾರೆ ಅಂತ ಆರಿಸಿದ ಅಜ್ಜ: ಒಂದು ಮಹಾಸಭೆಯ ಕಥೆ, 10 ಪೋಸ್ಟ್‌ಗಳಲ್ಲಿ

1/10

ನಿಮ್ಮ ಕ್ಲಾಸಲ್ಲಿ ಕ್ಯಾಥೊಲಿಕ್ ಫ್ರೆಂಡ್ ಯಾರಾದ್ರೂ ಇದ್ರೆ ಒಂದು ಕೆಲಸ ಮಾಡಿ. ಅವರ ಅಜ್ಜಿನೋ ತಾತನೋ ಎಪ್ಪತ್ತೈದು ದಾಟಿದ್ರೆ ಕೇಳಿಸಿ: "ನೀವು ಚಿಕ್ಕವರಿದ್ದಾಗ ಚರ್ಚಲ್ಲಿ ಬಲಿಪೂಜೆ ಯಾವ ಭಾಷೇಲಿ ನಡೀತಿತ್ತು?"

ಕನ್ನಡ, ಕೊಂಕಣಿ, ತಮಿಳು ಅಂತ ಉತ್ತರ ಬರುತ್ತೆ ಅಂದ್ಕೊಂಡ್ರೆ ತಪ್ಪು. ಲ್ಯಾಟಿನ್! ಪಾದ್ರಿ ಜನರಿಗೆ ಬೆನ್ನು ಮಾಡಿ, ಪೂಜಾಪೀಠದ ಕಡೆ ಮುಖ ಮಾಡಿ ನಿಂತು, ಅರ್ಧ ಪಿಸುಮಾತಲ್ಲಿ ಲ್ಯಾಟಿನ್ ಮಂತ್ರ ಹೇಳ್ತಿದ್ರು. ಹಿಂದೆ ಕೂತ ಜನ ತಮ್ಮ ಪಾಡಿಗೆ ತಮ್ಮ ಭಾಷೇಲಿ ಜಪಮಾಲೆ ಎಣಿಸ್ತಿದ್ರು. ಪ್ರವಚನ ಮಾತ್ರ ಊರ ಭಾಷೇಲಿ. ಮಂಗಳೂರಲ್ಲೂ ಹಾಗೇ, ಮನಿಲಾದಲ್ಲೂ ಹಾಗೇ, ಮೆಕ್ಸಿಕೋದಲ್ಲೂ ಹಾಗೇ. ನಾನೂರು ವರ್ಷ ಹೆಚ್ಚು ಕಮ್ಮಿ ಹೀಗೇ ನಡೆದಿತ್ತು.

ಆಮೇಲೆ ಹತ್ತೇ ವರ್ಷದೊಳಗೆ ಎಲ್ಲ ತಿರುಗಿ ಬಿತ್ತು. ಪಾದ್ರಿ ಜನರ ಕಡೆ ತಿರುಗಿದ್ರು. ಭಾಷೆ ಬದಲಾಯ್ತು. ಬೇರೆ ಧರ್ಮದವರ ಬಗ್ಗೆ ಚರ್ಚ್ ಮಾತಾಡೋ ರೀತಿನೂ ಬದಲಾಯ್ತು.

ಇದನ್ನ ಶುರು ಮಾಡಿದ್ದು ಯಾರೋ ಬಿಸಿರಕ್ತದ ಯುವಕ ಅಲ್ಲ. ಸುಮಾರು 77 ವರ್ಷದ, ದಪ್ಪಗಿನ, ಜೋಕ್ ಹೊಡೆಯೋ ಒಬ್ಬ ರೈತನ ಮಗ.

ಈ ಸೀರೀಸ್ ಯಾಕೆ ಬರೀತಿದೀನಿ ಗೊತ್ತಾ? ನಾವೆಲ್ಲ ಒಂದಲ್ಲ ಒಂದು ಹಳೇ ವ್ಯವಸ್ಥೆ ಒಳಗೆ ಇದೀವಿ. ಕಾಲೇಜು, ಮನೆ, ದೇವಸ್ಥಾನ, ಮಸೀದಿ, ಚರ್ಚ್, ಸಂಘ. "ಮೊದಲಿಂದಲೂ ಹೀಗೇ ನಡ್ಕೊಂಡು ಬಂದಿದೆ" ಅನ್ನೋ ಮಾತನ್ನ ಕೇಳದವರು ಯಾರೂ ಇಲ್ಲ. ಆ ಮಾತಿಗೆ ಒಳಗಿಂದಲೇ ಉತ್ತರ ಕೊಟ್ಟವರು ಹೇಗೆ ಕೊಟ್ರು ಅಂತ ನೋಡೋಣ. ನೀವು ಯಾವ ಧರ್ಮದವರಾದ್ರೂ ಸರಿ, ಯಾವುದೂ ಇಲ್ಲದವರಾದ್ರೂ ಸರಿ.

ಸೇವ್ ಮಾಡ್ಕೊಳ್ಳಿ, ನಿಧಾನಕ್ಕೆ ಓದಿ.

2/10

ಫೋಟೋದಲ್ಲಿ ನಗ್ತಿರೋ ಅಜ್ಜ: ಆಂಜೆಲೊ ಜುಸೆಪ್ಪೆ ರೊಂಕಾಲಿ. ಇತಿಹಾಸ ಇವರನ್ನ ಪೋಪ್ 23ನೇ ಜಾನ್ ಅಂತ ಕರೆಯುತ್ತೆ.

ಹುಟ್ಟಿದ್ದು 1881ರ ನವೆಂಬರ್ 25, ಉತ್ತರ ಇಟಲಿಯ ಬೆರ್ಗಾಮೊ ಹತ್ತಿರದ ಸೊತ್ತೊ ಇಲ್ ಮೊಂತೆ ಅನ್ನೋ ಹಳ್ಳಿ. ಅಪ್ಪ ಬೇರೆಯವರ ಹೊಲವನ್ನ ಪಾಲಿಗೆ ಮಾಡ್ತಿದ್ದ ರೈತ. ಮನೆ ತುಂಬ ಮಕ್ಕಳು. 1904ರಲ್ಲಿ ಪಾದ್ರಿ ಆದ್ರು. ಮೊದಲನೇ ಮಹಾಯುದ್ಧದಲ್ಲಿ ಸೈನ್ಯದ ಆಸ್ಪತ್ರೆಗಳಲ್ಲಿ ಗಾಯಾಳುಗಳ ಸೇವೆ ಮಾಡಿದ್ರು.

1925ರಿಂದ ಸುಮಾರು ಇಪ್ಪತ್ತು ವರ್ಷ ಅವರನ್ನ ವ್ಯಾಟಿಕನ್ ಪ್ರತಿನಿಧಿಯಾಗಿ ಬಲ್ಗೇರಿಯಾ, ಆಮೇಲೆ ಟರ್ಕಿ ಮತ್ತು ಗ್ರೀಸ್‌ಗೆ ಕಳಿಸಿದ್ರು. ಆಗಿನ ಲೆಕ್ಕದಲ್ಲಿ ಇವು ಮೂಲೆಗುಂಪಿನ ಪೋಸ್ಟಿಂಗ್‌ಗಳು. ಆದ್ರೆ ಅಲ್ಲಿ ಒಂದು ವಿಷಯ ಆಯ್ತು. ಕ್ಯಾಥೊಲಿಕರೇ ಬಹುಪಾಲು ಇದ್ದ ಹಳ್ಳಿಯಿಂದ ಬಂದ ಈ ಮನುಷ್ಯ ಆರ್ಥಡಾಕ್ಸ್ ಕ್ರೈಸ್ತರ ಮಧ್ಯೆ, ಮುಸ್ಲಿಮರ ಮಧ್ಯೆ, ಯಹೂದಿಗಳ ಮಧ್ಯೆ ಬದುಕಿದ್ರು. ಎರಡನೇ ಮಹಾಯುದ್ಧದ ಹೊತ್ತಲ್ಲಿ ನಾಜಿಗಳಿಂದ ತಪ್ಪಿಸ್ಕೊಂಡು ಓಡ್ತಿದ್ದ ಯಹೂದಿಗಳಿಗೆ ಇಸ್ತಾಂಬುಲ್‌ನಿಂದ ಪ್ರಯಾಣದ ಕಾಗದಪತ್ರ ಸಿಗೋ ಹಾಗೆ ಸಹಾಯ ಮಾಡಿದ್ರು. ಈ ಅನುಭವ ನೆನಪಿಟ್ಕೊಳ್ಳಿ, 8ನೇ ಪೋಸ್ಟಲ್ಲಿ ಬೇಕಾಗುತ್ತೆ.

1958ರ ಅಕ್ಟೋಬರ್‌ನಲ್ಲಿ 12ನೇ ಪಿಯುಸ್ ತೀರಿಕೊಂಡ್ರು. ಹತ್ತೊಂಬತ್ತು ವರ್ಷ ಆಳಿದ್ದ ಪೋಪ್. ಮುಂದೆ ಯಾರು ಅನ್ನೋದ್ರಲ್ಲಿ ಕಾರ್ಡಿನಲ್‌ಗಳಿಗೆ ಒಮ್ಮತ ಇರ್ಲಿಲ್ಲ. ಕೊನೆಗೆ ಅಕ್ಟೋಬರ್ 28ರಂದು, ಹನ್ನೊಂದನೇ ಸುತ್ತಿನ ಮತದಾನದಲ್ಲಿ, ರೊಂಕಾಲಿ ಆಯ್ಕೆ ಆದ್ರು. ವಯಸ್ಸು 77ಕ್ಕೆ ಇನ್ನೊಂದು ತಿಂಗಳು ಬಾಕಿ. ಎಲ್ಲರ ಲೆಕ್ಕ ಒಂದೇ: ಒಳ್ಳೇ ಅಜ್ಜ, ನಾಲ್ಕೈದು ವರ್ಷ ಸುಮ್ನೆ ಕೂರ್ತಾರೆ, ಅಷ್ಟರಲ್ಲಿ ನಾವು ಸರಿಯಾದ ಕ್ಯಾಂಡಿಡೇಟ್ ಹುಡುಕೋಣ.

ವರ್ಷದ ಲೆಕ್ಕ ಸರಿಯಾಯ್ತು. "ಸುಮ್ನೆ" ಅನ್ನೋದೊಂದು ತಪ್ಪಿತು.

3/10

ಆ ಕ್ರಿಸ್‌ಮಸ್‌ಗೇ ಸೂಚನೆ ಸಿಕ್ಕಿತ್ತು. ಹಬ್ಬದ ಮರುದಿನ ಹೊಸ ಪೋಪ್ ರೋಮ್‌ನ ರೆಜಿನಾ ಚೇಲಿ ಜೈಲಿಗೆ ಹೋಗಿ ಕೈದಿಗಳ ಮಧ್ಯೆ ನಿಂತ್ರು. ನೀವು ನನ್ನ ಹತ್ರ ಬರೋಕಾಗಲ್ಲ, ಅದಕ್ಕೆ ನಾನೇ ಬಂದೆ ಅನ್ನೋ ಅರ್ಥದ ಮಾತಾಡಿದ್ರು.

ಮುಂದಿನ ತಿಂಗಳು, 1959ರ ಜನವರಿ 25. ಪೋಪ್ ಆಗಿ ಇನ್ನೂ ತೊಂಬತ್ತು ದಿನ ಆಗಿಲ್ಲ. ರೋಮ್‌ನ ಸಂತ ಪೌಲರ ಮಹಾದೇವಾಲಯದಲ್ಲಿ ಪ್ರಾರ್ಥನೆ ಮುಗಿದ ಮೇಲೆ 17 ಕಾರ್ಡಿನಲ್‌ಗಳನ್ನ ಒಂದು ಕೋಣೇಲಿ ಕೂರಿಸಿ ಹೇಳಿದ್ರು: ಇಡೀ ಜಗತ್ತಿನ ಬಿಷಪ್‌ಗಳ ಮಹಾಸಭೆ ಕರೀತೀನಿ.

ಇಂಥ ಸಭೆ ಎಷ್ಟು ಅಪರೂಪ ಅಂದ್ರೆ, ಕ್ಯಾಥೊಲಿಕ್ ಲೆಕ್ಕದಲ್ಲಿ ಸುಮಾರು ಎರಡು ಸಾವಿರ ವರ್ಷದಲ್ಲಿ ಇದು 21ನೆಯದು. ಹಿಂದಿನದು 1869-70ರಲ್ಲಿ. ಅದಕ್ಕೂ ಹಿಂದಿನದು 1545ರಿಂದ 1563ರವರೆಗೆ, ಟ್ರೆಂಟ್‌ನಲ್ಲಿ, ಮಾರ್ಟಿನ್ ಲೂಥರ್ ಎಬ್ಬಿಸಿದ ಬಿರುಗಾಳಿಗೆ ಉತ್ತರವಾಗಿ.

ಕಾರ್ಡಿನಲ್‌ಗಳಿಂದ ಚಪ್ಪಾಳೆ? ಇಲ್ಲ. ಮೌನ. ಸ್ವತಃ ಜಾನ್ ಆಮೇಲೆ ಆ ಮೌನದ ಬಗ್ಗೆ ನೆನಪಿಸಿಕೊಂಡಿದ್ದಾರೆ.

ಈಗ ಮುಖ್ಯವಾದ ವಿಷಯ. ಮಾಮೂಲಿ ಬಾಸ್ ಆಗಿದ್ರೆ ಏನ್ ಮಾಡ್ತಿದ್ರು? ಬದಲಾವಣೆಗಳ ಪಟ್ಟಿ ಮಾಡಿ, ಸಹಿ ಹಾಕಿ, ಸರ್ಕ್ಯುಲರ್ ಕಳಿಸ್ತಿದ್ರು. ಪೋಪ್‌ಗೆ ಆ ಅಧಿಕಾರ ಇತ್ತು. ಜಾನ್ ಹಾಗೆ ಮಾಡ್ಲಿಲ್ಲ. ಜಗತ್ತಿನ ಎಲ್ಲ ಬಿಷಪ್‌ಗಳಿಗೆ ಕಾಗದ ಹೋಯ್ತು. ಮೊದಲು ಒಂದು ಪ್ರಶ್ನಾವಳಿ ಕಳಿಸೋ ಯೋಚನೆ ಇತ್ತು, ಅದನ್ನೂ ಕೈಬಿಟ್ರು. ಏನು ಚರ್ಚೆ ಆಗ್ಬೇಕು ಅಂತ ನಿಮಗನ್ನಿಸುತ್ತೋ ಅದನ್ನ ಮುಕ್ತವಾಗಿ ಬರೀರಿ ಅಂತಷ್ಟೇ ಕೇಳಿದ್ರು. ಮುಕ್ಕಾಲು ಪಾಲು ಬಿಷಪ್‌ಗಳು ಉತ್ತರ ಬರೆದ್ರು.

ಆದ್ರೆ ಆ ಉತ್ತರಗಳನ್ನ ಜೋಡಿಸಿ ಕರಡು ಬರೆಯೋ ಕಮಿಟಿಗಳು ಯಾರ ಕೈಯಲ್ಲಿದ್ವು? ಬಹುಪಾಲು ವ್ಯಾಟಿಕನ್ ಕಚೇರಿಗಳ ಹಳೇ ಅಧಿಕಾರಿಗಳ ಕೈಯಲ್ಲೇ. ಈ ಆಡಳಿತಕ್ಕೆ ಕ್ಯೂರಿಯಾ ಅಂತ ಹೆಸರು. ಸುಮಾರು ಎಪ್ಪತ್ತು ಕರಡು ತಯಾರಾದ್ವು, ಹೆಚ್ಚಿನವು ಹಳೇ ಪಾಠವನ್ನೇ ಹೊಸ ಪೇಪರಲ್ಲಿ ಹೇಳುವಂಥವು. ಬಿಷಪ್‌ಗಳು ಬಂದು ಸಹಿ ಹಾಕಿ ಬೇಗ ಮನೆಗೆ ಹೋಗ್ತಾರೆ ಅನ್ನೋದು ಕ್ಯೂರಿಯಾದ ನಿರೀಕ್ಷೆ.

4/10

ಈ ಫೋಟೋನ ಜೂಮ್ ಮಾಡಿ ನೋಡಿ. 1962ರ ಅಕ್ಟೋಬರ್ 11. ರೋಮ್‌ನ ಸಂತ ಪೇತ್ರರ ಮಹಾದೇವಾಲಯದ ಒಳಗೆ ಎರಡೂ ಬದಿ ಕ್ರೀಡಾಂಗಣದ ಗ್ಯಾಲರಿ ಥರ ಮೆಟ್ಟಿಲು ಸೀಟು. ಬಿಳಿ ಕಿರೀಟ ಹಾಕಿದ ಸುಮಾರು 2,500 ಬಿಷಪ್‌ಗಳು. 1869ರ ಸಭೆಗೆ ಬಂದವರು ಸುಮಾರು 700, ಬಹುತೇಕ ಯುರೋಪಿನ ಮೂಲದವರು. ಈ ಸಲ ಆಫ್ರಿಕಾ, ಏಷ್ಯಾದ ಬಿಷಪ್‌ಗಳೂ ಇದ್ರು. ನಮ್ಮ ದೇಶದಿಂದ ಬಾಂಬೆಯ ಕಾರ್ಡಿನಲ್ ವಲೇರಿಯನ್ ಗ್ರೇಸಿಯಸ್ ಮತ್ತೆ ಎಷ್ಟೋ ಜನ. ಪ್ರೊಟೆಸ್ಟೆಂಟ್ ಮತ್ತು ಆರ್ಥಡಾಕ್ಸ್ ಸಭೆಗಳ ವೀಕ್ಷಕರನ್ನೂ ಕರೆದು, ಎದುರಿಗೇ ಒಳ್ಳೇ ಜಾಗದಲ್ಲಿ ಕೂರಿಸಿದ್ರು. ಹಿಂದೆ ಪರಸ್ಪರ ಶಾಪ ಹಾಕ್ಕೊಂಡಿದ್ದ ಪಂಗಡಗಳು ಇವು, ನೆನಪಿರಲಿ.

ಒಂದು ಮಜಾ ವಿಷಯ: ಒಳಗೆ ಬಿಷಪ್‌ಗಳಿಗೆ ಒಂದು ಕಾಫಿ ಬಾರ್ ತೆರೆದಿದ್ರು. ಅದಕ್ಕೆ ಅಡ್ಡಹೆಸರು "ಬಾರ್ ಯೋನ". ಬೈಬಲ್‌ನಲ್ಲಿ ಪೇತ್ರನ ಇನ್ನೊಂದು ಹೆಸರು ಬಾರ್ ಯೋನ, ಅಂದ್ರೆ ಯೋನನ ಮಗ. ಮಹಾಸಭೆಯ ಎಷ್ಟೋ ನಿಜವಾದ ಮಾತುಕತೆ ನಡೆದಿದ್ದು ಈ ಕಾಫಿ ಕೌಂಟರ್ ಹತ್ರಾನೇ. ನಮ್ಮ ಕ್ಯಾಂಟೀನ್ ಥರ.

ಆವತ್ತು ಜಾನ್ ಮಾಡಿದ ಭಾಷಣದಲ್ಲಿ ಮೂರು ಮಾತು ಇಡೀ ಸಭೆಗೆ ದಾರಿ ಹಾಕ್ತು. ಒಂದು, ಎಲ್ಲದರಲ್ಲೂ ಕೇಡನ್ನೇ ಕಾಣೋ ಭವಿಷ್ಯವಾದಿಗಳನ್ನ ನಾನು ಒಪ್ಪಲ್ಲ. ಎರಡು, ನಂಬಿಕೆಯ ತಿರುಳು ಬೇರೆ, ಅದನ್ನ ಹೇಳೋ ರೀತಿ ಬೇರೆ. ಮೂರು, ಚರ್ಚ್ ಈಗ ಶಿಕ್ಷೆಗಿಂತ ಕರುಣೆಯ ಮದ್ದು ಹಿಡೀಬೇಕು.

ಎರಡನೇದನ್ನ ಇನ್ನೊಮ್ಮೆ ಓದಿ. ತಿರುಳು ಬೇರೆ, ಹೇಳೋ ರೀತಿ ಬೇರೆ. ಹಳೇದನ್ನ ಪ್ರೀತಿಸೋ ಮನುಷ್ಯ ಹಳೇದರ ಒಳಗೇ ಬದಲಾವಣೆಗೆ ಬಾಗಿಲು ತೆರೆದಿದ್ದು ಈ ವಾಕ್ಯದಿಂದ.

ಭಾಷಣ ಚೆನ್ನಾಗಿತ್ತು. ಆದ್ರೆ ಭಾಷಣದಿಂದ ಏನೂ ಬದಲಾಗಲ್ಲ ಅಂತ ನಮಗೂ ಗೊತ್ತು, ಕ್ಯೂರಿಯಾಗೂ ಗೊತ್ತಿತ್ತು.

5/10

ನನ್ನ ಪ್ರಕಾರ ನಿಜವಾದ ತಿರುವು ಬಂದಿದ್ದು ಎರಡು ದಿನ ಬಿಟ್ಟು. 1962ರ ಅಕ್ಟೋಬರ್ 13, ಶನಿವಾರ. ಯಾವ ಸಿನಿಮಾನೂ ಇದನ್ನ ತೋರಿಸಲ್ಲ, ಯಾಕಂದ್ರೆ ವಿಷಯ ತುಂಬಾ ಬೋರಿಂಗ್: ಕಮಿಟಿ ಎಲೆಕ್ಷನ್.

ಹತ್ತು ಕಮಿಟಿ, ಪ್ರತಿಯೊಂದಕ್ಕೂ 16 ಸದಸ್ಯರನ್ನ ಬಿಷಪ್‌ಗಳು ಆರಿಸಬೇಕು. ಅಂದ್ರೆ ಪ್ರತಿ ಬಿಷಪ್ 160 ಹೆಸರು ಬರೀಬೇಕು, ಆವತ್ತೇ. ಬೇರೆ ಬೇರೆ ಖಂಡಗಳಿಂದ ಬಂದವರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲ. 160 ಹೆಸರು ಎಲ್ಲಿಂದ ಬರಬೇಕು? "ಅನುಕೂಲಕ್ಕೆ ಇರಲಿ" ಅಂತ ಕೈಗೊಂದು ಪಟ್ಟಿ ಕೊಟ್ಟಿದ್ರು: ಹಿಂದಿನ ಕರಡು ಕಮಿಟಿಗಳಲ್ಲಿ ಇದ್ದವರ ಹೆಸರು. ನೋಡ್ಕೊಂಡು ಕಾಪಿ ಮಾಡಿದ್ರೆ ಮುಗೀತು. ಅವರೇ ಮತ್ತೆ ಬರ್ತಾರೆ, ಅದೇ ಕರಡು ಪಾಸ್ ಆಗುತ್ತೆ.

ಎಷ್ಟು ನೀಟಾಗಿದೆ ನೋಡಿ! ಯಾರ ಬಾಯಿನೂ ಮುಚ್ಚಿಸಿಲ್ಲ. ಟೈಮ್ ಕೊಟ್ಟಿಲ್ಲ, ಅಷ್ಟೇ.

ಆಗ ಫ್ರಾನ್ಸ್‌ನ ಲೀಲ್ ನಗರದ ಕಾರ್ಡಿನಲ್ ಅಶೀಲ್ ಲಿಯೆನಾರ್, 78 ವರ್ಷ, ಮಾತಾಡೋಕೆ ಅನುಮತಿ ಕೇಳಿದ್ರು. ಅಧ್ಯಕ್ಷತೆ ವಹಿಸಿದ್ದ ಕಾರ್ಡಿನಲ್ ತಿಸ್ಸೆರಾಂ ಕೊಡ್ಲಿಲ್ಲ. ಇವತ್ತಿನ ಕಾರ್ಯಕ್ರಮದಲ್ಲಿ ಮತದಾನ ಮಾತ್ರ ಇದೆ, ಭಾಷಣ ಇಲ್ಲ. ಲಿಯೆನಾರ್ ಹಾಗಿದ್ರೂ ಮೈಕ್ ತಗೊಂಡ್ರು. ಓದಿದ್ದು ಚಿಕ್ಕ ಬೇಡಿಕೆ: ನಮಗೆ ಪರಸ್ಪರ ಪರಿಚಯ ಇಲ್ಲ, ಕೆಲವು ದಿನ ಟೈಮ್ ಕೊಡಿ, ಆಯಾ ದೇಶದ ಬಿಷಪ್‌ಗಳು ಕೂತು ಮಾತಾಡಿ ಹೆಸರು ಸೂಚಿಸಲಿ. ಸಭೆ ಚಪ್ಪಾಳೆ ಹೊಡೀತು. ಜರ್ಮನಿಯ ಕಲೋನ್ ನಗರದ ಕಾರ್ಡಿನಲ್ ಫ್ರಿಂಗ್ಸ್ ಎದ್ದು ಬೆಂಬಲ ಕೊಟ್ರು. ಮತ್ತೆ ಚಪ್ಪಾಳೆ. ಎಲೆಕ್ಷನ್ ಮುಂದಕ್ಕೆ ಹೋಯ್ತು. ಶುರುವಾಗಿ ಒಂದು ಗಂಟೆ ಆಗೋ ಮೊದಲೇ ಸಭೆ ಬರ್ಖಾಸ್ತು.

ಕೆಲವೇ ದಿನದಲ್ಲಿ ಹೊಸ ಪಟ್ಟಿಗಳು ತಯಾರಾದ್ವು. ಫ್ರೆಂಚರು, ಜರ್ಮನ್ನರು, ಆಫ್ರಿಕನ್ನರು, ಏಷ್ಯಾದವರು ಒಟ್ಟಿಗೆ ಕೂತ್ರು. ಕಮಿಟಿಗಳ ಬಣ್ಣವೇ ಬದಲಾಯ್ತು.

ಜಾನ್ ಆಗ ಸಭೇಲಿ ಇರ್ಲಿಲ್ಲ. ಚರ್ಚೆಗಳನ್ನ ಅವರು ತಮ್ಮ ಕೋಣೇಲಿ ಟಿವಿಯಲ್ಲಿ ನೋಡ್ತಿದ್ರು. ಫೋನ್ ಎತ್ತಿ ತಡೀಬಹುದಿತ್ತು. ತಡೀಲಿಲ್ಲ.

6/10

ಮೊದಲ ದೊಡ್ಡ ಚರ್ಚೆ: ಪೂಜೆಯ ಭಾಷೆ. ಅಕ್ಟೋಬರ್ 22ರಿಂದ ಮೂರು ವಾರ.

ತಮಾಷೆ ಏನಂದ್ರೆ, ಲ್ಯಾಟಿನ್ ಬೇಕೋ ಬೇಡ್ವೋ ಅನ್ನೋ ಚರ್ಚೆ ನಡೆದಿದ್ದೂ ಲ್ಯಾಟಿನ್‌ನಲ್ಲೇ. ಅರ್ಧ ಜನಕ್ಕೆ ಸರಿಯಾಗಿ ಅರ್ಥ ಆಗ್ತಿರ್ಲಿಲ್ಲ. ಸಿರಿಯಾ, ಲೆಬನಾನ್ ಕಡೆಯ ಮೆಲ್ಕೈಟ್ ಸಭೆಯ ಮುಖ್ಯಸ್ಥ, ಎಂಬತ್ತು ದಾಟಿದ್ದ ನಾಲ್ಕನೇ ಮ್ಯಾಕ್ಸಿಮೋಸ್ ಎದ್ದು ನಿಂತು ಫ್ರೆಂಚ್‌ನಲ್ಲೇ ಮಾತಾಡಿದ್ರು. ಅವರ ವಾದ ಸರಳ: ಕ್ರಿಸ್ತ ತನ್ನ ಕಾಲದ ಜನರ ಭಾಷೇಲಿ ಮಾತಾಡಿದ. ನಮ್ಮ ಪೂರ್ವದ ಸಭೆಗಳಲ್ಲಿ ಯಾವ ಭಾಷೆ ಬೇಕಾದ್ರೂ ಪೂಜೆಯ ಭಾಷೆ ಆಗಬಹುದು.

ಆಫ್ರಿಕಾ, ಏಷ್ಯಾದ ಎಷ್ಟೋ ಬಿಷಪ್‌ಗಳು ಹೇಳಿದ್ದು ಇನ್ನೂ ನೇರ: ನಮ್ಮ ಜನಕ್ಕೆ ಲ್ಯಾಟಿನ್ ಅಂದ್ರೆ ಪರದೇಶದ ಸದ್ದು.

ಎದುರು ಪಕ್ಷದ ಮುಖ: ಕಾರ್ಡಿನಲ್ ಆಲ್ಫ್ರೆಡೊ ಒತ್ತಾವಿಯಾನಿ. ರೋಮ್‌ನ ಬೇಕರಿಯವರ ಮಗ. ಸಿದ್ಧಾಂತ ಕಾಯೋ ಪವಿತ್ರ ಕಚೇರಿಯ ಮುಖ್ಯಸ್ಥ. ಕಣ್ಣು ಹೆಚ್ಚುಕಮ್ಮಿ ಕಾಣ್ತಿರ್ಲಿಲ್ಲ. ಅವರ ಲಾಂಛನದ ಮೇಲಿನ ಧ್ಯೇಯವಾಕ್ಯದ ಅರ್ಥ "ಯಾವಾಗಲೂ ಅದೇ". ಇವರನ್ನ ವಿಲನ್ ಮಾಡೋದು ಸುಲಭ. ಮಾಡ್ಬೇಡಿ. ಇಷ್ಟೊಂದು ಒಮ್ಮೆಗೇ ಬದಲಾದ್ರೆ ಜನ ಗೊಂದಲಕ್ಕೆ ಬೀಳ್ತಾರೆ, ನಂಬಿಕೆನೇ ಅಲುಗಾಡುತ್ತೆ ಅನ್ನೋದು ಅವರ ಭಯ. ಆ ಭಯ ಪೂರ್ತಿ ಸುಳ್ಳಾಗಲಿಲ್ಲ, ಕೊನೇ ಪೋಸ್ಟಲ್ಲಿ ನೋಡ್ತೀರಿ.

ಅಕ್ಟೋಬರ್ 30ರಂದು ಒತ್ತಾವಿಯಾನಿ ನೋಟ್ಸ್ ಇಲ್ದೆ ಮಾತಾಡ್ತಾ ಹತ್ತು ನಿಮಿಷದ ಮಿತಿ ದಾಟಿದ್ರು. ಅಧ್ಯಕ್ಷತೆಯಲ್ಲಿದ್ದ ಡಚ್ ಕಾರ್ಡಿನಲ್ ಆಲ್ಫ್ರಿಂಕ್ ಎಚ್ಚರಿಸಿದ್ರು. ಮಾತು ನಿಲ್ಲಲಿಲ್ಲ. ಮೈಕ್ ಆಫ್! ಸಭೆ ಚಪ್ಪಾಳೆ ಹೊಡೀತು. ಕಣ್ಣು ಕಾಣದ ಮುದುಕನಿಗೆ ಸಾವಿರಾರು ಜನರ ಮುಂದೆ ಆದ ಅವಮಾನ. ಆಮೇಲೆ ಎರಡು ವಾರ ಅವರು ಸಭೆಗೆ ಬರ್ಲಿಲ್ಲ. ಸುಧಾರಕರ ಚಪ್ಪಾಳೇಲೂ ಕ್ರೌರ್ಯ ಇರುತ್ತೆ, ಇದನ್ನೂ ಬರೆದಿಡಬೇಕು.

ನವೆಂಬರ್ 14ರಂದು ಪೂಜೆಯ ಕರಡಿಗೆ ತಾತ್ವಿಕ ಒಪ್ಪಿಗೆ ಸಿಕ್ತು: ಪರ 2,162, ವಿರುದ್ಧ 46.

ಇನ್ನೊಂದು ಗೊತ್ತಾ? ಅದೇ ವರ್ಷ ಫೆಬ್ರವರಿಯಲ್ಲಿ, ಲ್ಯಾಟಿನ್ ಕಲಿಕೆ ಬಿಡಬಾರದು, ಅದರ ವಿರುದ್ಧ ಬರೀಬಾರದು ಅನ್ನೋ ಪತ್ರಕ್ಕೆ ಸಹಿ ಹಾಕಿದವರು ಯಾರು? ಇದೇ ಜಾನ್. ಅವರಿಗೆ ಲ್ಯಾಟಿನ್ ಅಂದ್ರೆ ಪ್ರೀತಿ. ಆದ್ರೂ ಸಭೆ ಬೇರೆ ದಾರಿ ಹಿಡಿದಾಗ ತಮ್ಮ ಸಹಿಯನ್ನ ಅಡ್ಡ ಹಿಡೀಲಿಲ್ಲ.

7/10

ಹಾಗಾದ್ರೆ ನಾಯಕ ಅಂದ್ರೆ ಸುಮ್ನೆ ಟಿವಿ ನೋಡೋದಾ? ಅಲ್ಲ. ಒಂದು ಸಲ ಅವರು ಮಧ್ಯೆ ಬಂದ್ರು. ಯಾವಾಗ ಅನ್ನೋದೇ ಪಾಠ.

1962ರ ನವೆಂಬರ್ 20. ದೈವಪ್ರಕಟಣೆ ಬಗ್ಗೆ, ಅಂದ್ರೆ ಬೈಬಲ್ ಮತ್ತು ಪರಂಪರೆ ಬಗ್ಗೆ, ಒತ್ತಾವಿಯಾನಿ ಕಮಿಟಿಯ ಕರಡು ಚರ್ಚೆಗೆ ಬಂದಿತ್ತು. ಇದು ಬೇಡ, ಹೊಸದಾಗಿ ಬರೀಬೇಕು ಅಂತ ಎಷ್ಟೋ ಜನ. ಮತಕ್ಕೆ ಹಾಕಿದ್ರು. ಆದ್ರೆ ಪ್ರಶ್ನೆ ಇಟ್ಟ ರೀತಿ ನೋಡಿ: "ಈ ಕರಡಿನ ಚರ್ಚೆ ನಿಲ್ಲಿಸಬೇಕೇ?" ಅಂದ್ರೆ ಕರಡು ಬೇಡ ಅನ್ನೋರು "ಹೌದು" ಅನ್ನಬೇಕು. ಮೇಲಾಗಿ ನಿಲ್ಲಿಸೋಕೆ ಮೂರನೇ ಎರಡು ಪಾಲು ಮತ ಬೇಕು.

ಫಲಿತಾಂಶ: ನಿಲ್ಲಿಸಿ ಅಂದವರು 1,368. ಮುಂದುವರಿಸಿ ಅಂದವರು 822. ಸ್ಪಷ್ಟ ಬಹುಮತ, ಆದ್ರೆ ಬೇಕಾದ ಸಂಖ್ಯೆಗೆ 105 ಕಮ್ಮಿ. ನಿಯಮದ ಪ್ರಕಾರ ಬಹುಪಾಲು ಜನರಿಗೆ ಬೇಡವಾದ ಕರಡೇ ಚರ್ಚೆಯ ಆಧಾರ ಆಗಿ ಉಳೀತು!

ಮರುದಿನ ಜಾನ್ ಮಾತಾಡಿದ್ರು. ಕರಡನ್ನ ವಾಪಸ್ ತಗೊಳ್ಳಿ, ಹೊಸ ಕಮಿಟಿ ಮಾಡಿ. ಆ ಕಮಿಟಿಗೆ ಇಬ್ಬರು ಸಹ-ಅಧ್ಯಕ್ಷರು: ಒಬ್ಬರು ಒತ್ತಾವಿಯಾನಿ, ಇನ್ನೊಬ್ಬರು ಎದುರು ಪಾಳಯದ ಕಾರ್ಡಿನಲ್ ಅಗುಸ್ಟಿನ್ ಬೇಯಾ. ಸೋತವರನ್ನ ಹೊರಗೆ ಹಾಕಲಿಲ್ಲ, ಗೆದ್ದವರ ಪಕ್ಕದಲ್ಲೇ ಕೂರಿಸಿದ್ರು.

ಇದೆಲ್ಲ ಮಾಡ್ತಿದ್ದಾಗ ಆ ಅಜ್ಜನಿಗೆ ಒಂದು ವಿಷಯ ಗೊತ್ತಿತ್ತು. ಮಹಾಸಭೆ ಶುರು ಆಗೋಕೆ ಮೂರು ವಾರ ಮುಂಚೆ, ಸೆಪ್ಟೆಂಬರ್ 23ರಂದು, ಪರೀಕ್ಷೆಯಲ್ಲಿ ಹೊಟ್ಟೆಯ ಕ್ಯಾನ್ಸರ್ ಪತ್ತೆ ಆಗಿತ್ತು. ಹೊರಗೆ ಯಾರಿಗೂ ಹೇಳಿರ್ಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಲ್ಲಿ. ಶಾಂತಿಗಾಗಿ ರೇಡಿಯೋದಲ್ಲಿ ಮನವಿ ಮಾಡಿದ್ರು. 1963ರ ಏಪ್ರಿಲ್‌ನಲ್ಲಿ ಶಾಂತಿಯ ಬಗ್ಗೆ ಬರೆದ ಪತ್ರವನ್ನ ಕ್ಯಾಥೊಲಿಕರಿಗಷ್ಟೇ ಅಲ್ಲ, ಒಳ್ಳೇ ಮನಸ್ಸಿನ ಎಲ್ಲ ಜನಕ್ಕೂ ಅಂತ ಸಂಬೋಧಿಸಿದ್ರು.

1963ರ ಜೂನ್ 3, ಸಂಜೆ, ತೀರಿಕೊಂಡ್ರು. ಆವತ್ತಿಗೆ ಮಹಾಸಭೆ ಒಂದೇ ಒಂದು ದಾಖಲೆಯನ್ನೂ ಅಂತಿಮವಾಗಿ ಪಾಸ್ ಮಾಡಿರಲಿಲ್ಲ. ಪೋಪ್ ಸತ್ತರೆ ಮಹಾಸಭೆನೂ ತಾನಾಗೇ ನಿಲ್ಲುತ್ತೆ. ಮುಂದುವರಿಸೋದು ಬಿಡೋದು ಮುಂದಿನವರ ಇಷ್ಟ.

ತಾನು ನೆಟ್ಟಿದ್ದರ ಒಂದು ಎಲೆಯನ್ನೂ ಅವರು ನೋಡ್ಲಿಲ್ಲ.

8/10

ಮುಂದಿನ ಪೋಪ್ ಆರನೇ ಪೌಲ್. ಆಯ್ಕೆ ಆದ ಮರುದಿನವೇ, ಮಹಾಸಭೆ ಮುಂದುವರಿಯುತ್ತೆ ಅಂದ್ರು. 1963ರ ಡಿಸೆಂಬರ್ 4ರಂದು ಪೂಜೆಯ ದಾಖಲೆ ಅಂತಿಮ ಮತಕ್ಕೆ ಬಂತು: ಪರ 2,147, ವಿರುದ್ಧ ಬರೀ 4. ಜನರ ಭಾಷೆಗೆ ಬಾಗಿಲು ತೆರೀತು. 1965ರ ಮಾರ್ಚ್ 7ರಂದು ಪೌಲ್ ಸ್ವತಃ ರೋಮ್‌ನ ಒಂದು ಚರ್ಚಲ್ಲಿ ಇಟಾಲಿಯನ್ ಭಾಷೇಲಿ ಪೂಜೆ ಅರ್ಪಿಸಿದ್ರು.

ಈಗ 2ನೇ ಪೋಸ್ಟಿನ ಇಸ್ತಾಂಬುಲ್ ನೆನಪಿಸ್ಕೊಳ್ಳಿ.

1960ರ ಜೂನ್ 13. 82 ವರ್ಷದ ಒಬ್ಬ ಫ್ರೆಂಚ್ ಯಹೂದಿ ಇತಿಹಾಸಕಾರ ಪೋಪ್ ಜಾನ್‌ರನ್ನ ನೋಡೋಕೆ ಬಂದ್ರು. ಹೆಸರು ಜ್ಯೂಲ್ ಇಸಾಕ್. ಫ್ರಾನ್ಸಿನ ಶಾಲೆಗಳಲ್ಲಿ ಒಂದು ಕಾಲಕ್ಕೆ ಓದ್ತಿದ್ದ ಇತಿಹಾಸದ ಪಠ್ಯಪುಸ್ತಕಗಳ ಲೇಖಕ. ಹೆಂಡತಿ ಮತ್ತು ಮಗಳನ್ನ ನಾಜಿಗಳು ಆಶ್‌ವಿಟ್ಜ್‌ನಲ್ಲಿ ಕೊಂದಿದ್ರು. ಆ ದುಃಖದ ನಡುವೆ ಇಸಾಕ್ ಒಂದು ಪ್ರಶ್ನೆ ಹಿಡಿದು ಕೂತ್ರು: ಯಹೂದಿಗಳು ದೇವರನ್ನ ಕೊಂದವರು ಅಂತ ಶತಮಾನಗಟ್ಟಲೆ ಚರ್ಚುಗಳಲ್ಲಿ ಕಲಿಸಿದ ಪಾಠ ಈ ದ್ವೇಷಕ್ಕೆ ನೆಲ ಹದ ಮಾಡ್ಲಿಲ್ವಾ?

ಆ ಪಾಠ ತಿದ್ದಿ ಅಂತ ಕೇಳೋಕೆ ಬಂದಿದ್ರು. ಕೈಯಲ್ಲಿ ದಾಖಲೆಗಳಿದ್ವು. ಹೊರಡುವಾಗ, ನಾನು ಸ್ವಲ್ಪ ಭರವಸೆ ಇಟ್ಕೊಳ್ಳಬಹುದಾ ಅಂತ ಕೇಳಿದ್ರಂತೆ. ನಿಮಗೆ ಭರವಸೆಗಿಂತ ಹೆಚ್ಚಿನದಕ್ಕೇ ಹಕ್ಕಿದೆ ಅನ್ನೋ ಅರ್ಥದ ಉತ್ತರ ಸಿಕ್ತು. ಜಾನ್ ಆ ಕೆಲಸವನ್ನ ಕಾರ್ಡಿನಲ್ ಬೇಯಾಗೆ ವಹಿಸಿದ್ರು.

ಐದು ವರ್ಷ ಜಗಳ ಆಯ್ತು. ಅರಬ್ ದೇಶಗಳಲ್ಲಿನ ಕ್ರೈಸ್ತರಿಗೆ ರಾಜಕೀಯ ಭಯ, ಸಂಪ್ರದಾಯವಾದಿಗಳಿಗೆ ಸಿದ್ಧಾಂತದ ಭಯ. ಕರಡು ಮತ್ತೆ ಮತ್ತೆ ಬದಲಾಯ್ತು. ಯಹೂದಿಗಳ ಬಗ್ಗೆ ಶುರುವಾದ ಪುಟ್ಟ ದಾಖಲೆ ಬೆಳೆದು ಹಿಂದೂ, ಬೌದ್ಧ, ಇಸ್ಲಾಂ ಧರ್ಮಗಳ ಬಗ್ಗೆನೂ ಗೌರವದಿಂದ ಮಾತಾಡೋ ದಾಖಲೆ ಆಯ್ತು. ಅದರ ಹೆಸರು "ನೋಸ್ತ್ರಾ ಎತಾತೆ". 1965ರ ಅಕ್ಟೋಬರ್ 28ರಂದು ಪಾಸ್: ಪರ 2,221, ವಿರುದ್ಧ 88.

ಅಕ್ಟೋಬರ್ 28. ಏಳು ವರ್ಷದ ಹಿಂದೆ ಜಾನ್ ಪೋಪ್ ಆದ ದಿನ. ಆ ಹೊತ್ತಿಗೆ ಜಾನ್ ಇರ್ಲಿಲ್ಲ. ಇಸಾಕ್‌ನೂ ಇರ್ಲಿಲ್ಲ, 1963ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ರು. ಇಬ್ಬರು ಮುದುಕರ ಒಂದು ಭೇಟಿಯಿಂದ ಶುರುವಾದ ಕೆಲಸ ಇಬ್ಬರೂ ಹೋದ ಮೇಲೆ ಮುಗೀತು.

9/10

ಸರಿ, ರೋಮ್‌ನಲ್ಲಿ ಪಾಸ್ ಆದ ಕಾಗದ ನಮ್ಮೂರಿಗೆ ಬಂದಾಗ ಏನಾಯ್ತು?

1964ರ ಡಿಸೆಂಬರ್‌ನಲ್ಲಿ, ಮಹಾಸಭೆ ಇನ್ನೂ ನಡೀತಿರುವಾಗಲೇ, ಆರನೇ ಪೌಲ್ ಬಾಂಬೆಗೆ ಬಂದ್ರು. ಭಾರತಕ್ಕೆ ಬಂದ ಮೊದಲ ಪೋಪ್. ಬೇರೆ ಧರ್ಮಗಳ ಪ್ರತಿನಿಧಿಗಳ ಮುಂದೆ ಮಾತಾಡ್ತಾ ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನ ಉಲ್ಲೇಖಿಸಿದ್ರು. ಅಸತ್ಯದಿಂದ ಸತ್ಯದ ಕಡೆಗೆ ನಡೆಸು ಅಂತ ಕೇಳೋ, ನಾವು ಸ್ಕೂಲ್ ಪ್ರೇಯರಲ್ಲಿ ಹೇಳಿರೋದೇ.

ಮುಂದಿನ ಅಧ್ಯಾಯದ ಕೇಂದ್ರ ನಮ್ಮ ಬೆಂಗಳೂರು. 1967ರಲ್ಲಿ ಇಲ್ಲಿ ರಾಷ್ಟ್ರೀಯ ಬೈಬಲ್, ಧರ್ಮಶಿಕ್ಷಣ ಮತ್ತು ಆರಾಧನಾ ಕೇಂದ್ರ ಶುರುವಾಯ್ತು. ಕಟ್ಟಿದವರು ಡಿ. ಎಸ್. ಅಮಲೋರ್ಪವದಾಸ್, ತಮಿಳುನಾಡಿನಿಂದ ಬಂದ ಪಾದ್ರಿ. ಅವರ ಪ್ರಶ್ನೆ: ಭಾಷೆ ಬದಲಾದ್ರೆ ಸಾಕಾ? ಈ ನೆಲದಲ್ಲಿ ದೇವರ ಮುಂದೆ ಕೂರೋ ರೀತಿ, ನಮಸ್ಕಾರ ಮಾಡೋ ರೀತಿ, ದೀಪ ಹಚ್ಚೋ ರೀತಿ ಪೂಜೆಯೊಳಗೆ ಬರಬೇಡ್ವಾ?

1969ರ ಏಪ್ರಿಲ್‌ನಲ್ಲಿ ಭಾರತದ ಬಿಷಪ್‌ಗಳ ಕೋರಿಕೆ ಮೇಲೆ ರೋಮ್ 12 ಅಂಶಗಳಿಗೆ ಒಪ್ಪಿಗೆ ಕೊಡ್ತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬಹುದು. ಮಂಡಿಯೂರೋ ಬದಲು ಕೈಮುಗಿದು ಬಾಗಬಹುದು. ಪಂಚಾಂಗ ಪ್ರಣಾಮ, ಆರತಿ, ಎಣ್ಣೆ ದೀಪ, ಪಾದ್ರಿಗೆ ಶಾಲು. ಮೇ ತಿಂಗಳಲ್ಲಿ ಬೆಂಗಳೂರಲ್ಲೇ ಇಡೀ ಭಾರತದ ಚರ್ಚ್ ಬಗ್ಗೆ ದೊಡ್ಡ ವಿಚಾರ ಸಂಕಿರಣ ನಡೀತು. ಬಿಷಪ್, ಪಾದ್ರಿಗಳ ಜೊತೆ ಸಾಮಾನ್ಯ ವಿಶ್ವಾಸಿಗಳೂ ಕೂತು ಚರ್ಚಿಸಿದ್ರು.

ಎಲ್ಲರೂ ಖುಷಿ ಪಟ್ರಾ? ಇಲ್ಲ. ಇದು ಚರ್ಚನ್ನ ಹಿಂದೂ ದೇವಸ್ಥಾನ ಮಾಡೋ ಕೆಲಸ ಅಂತ ಎಷ್ಟೋ ಕ್ಯಾಥೊಲಿಕರು ಸಿಟ್ಟಾದ್ರು. ಇನ್ನೊಂದು ಕಡೆಯಿಂದ ದಲಿತ ಕ್ರೈಸ್ತ ಚಿಂತಕರು ಇನ್ನೂ ಚುಚ್ಚೋ ಪ್ರಶ್ನೆ ಕೇಳಿದ್ರು: "ಭಾರತೀಯ" ಅಂದ್ರೆ ಸಂಸ್ಕೃತ, ಮೇಲ್ಜಾತಿಯ ಆಚಾರ ಅಷ್ಟೇನಾ? ಯಾವ ವ್ಯವಸ್ಥೆ ನಮ್ಮನ್ನ ಹೊರಗಿಟ್ಟಿತ್ತೋ ಅದರ ಚಿಹ್ನೆಗಳನ್ನೇ ತಂದು ಪೀಠದ ಮೇಲೆ ಇಟ್ರೆ ನಮ್ಮ ತಮಟೆ, ನಮ್ಮ ಹಾಡು ಎಲ್ಲಿ?

ಬೆಂಗಳೂರಲ್ಲಿ ಇನ್ನೊಂದು ಗಂಟು. ಜನರ ಭಾಷೆ ಅಂದ್ರೆ ಯಾವ ಜನರ ಭಾಷೆ? ಲ್ಯಾಟಿನ್ ಯಾರದ್ದೂ ಆಗಿರ್ಲಿಲ್ಲ, ಹಾಗಾಗಿ ಜಗಳನೂ ಇರ್ಲಿಲ್ಲ. ಅದು ಹೋದ ಮೇಲೆ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಎಲ್ಲವೂ ಒಂದೇ ಪೀಠದ ಮುಂದೆ ಬಂದು ನಿಂತ್ವು. ಚರ್ಚ್‌ಗಳಲ್ಲಿ ಕನ್ನಡಕ್ಕೆ ಸರಿಯಾದ ಜಾಗ ಬೇಕು ಅಂತ ಕನ್ನಡ ಕ್ಯಾಥೊಲಿಕರು ದಶಕಗಟ್ಟಲೆ ಹೋರಾಟ ಮಾಡಿದ್ರು.

ಅಮಲೋರ್ಪವದಾಸ್ ಆಮೇಲೆ ಮೈಸೂರಿಗೆ ಬಂದು ಅಂಜಲಿ ಆಶ್ರಮ ಕಟ್ಟಿದ್ರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ್ರು.

10/10

ಕೊನೇ ಪೋಸ್ಟ್. ಇಲ್ಲೀವರೆಗೆ ಬಂದವರಿಗೆ ಥ್ಯಾಂಕ್ಸ್ 🙏

ಮಹಾಸಭೆ 1965ರ ಡಿಸೆಂಬರ್ 8ರಂದು ಮುಗೀತು. ಒಟ್ಟು 16 ದಾಖಲೆ. ಈಗ ಖರ್ಚಿನ ಲೆಕ್ಕನೂ ನೋಡೋಣ, ಇಲ್ಲಾಂದ್ರೆ ಇದು ಇತಿಹಾಸ ಆಗಲ್ಲ, ಜಾಹೀರಾತಾಗುತ್ತೆ.

ಲ್ಯಾಟಿನ್ ಪೂಜೆಯನ್ನ ಅರ್ಥ ಆಗದಿದ್ರೂ ಪ್ರೀತಿಸಿದ್ದ ಜನ ಇದ್ರು. ಆ ಸದ್ದು, ಆ ಧೂಪ, ಆ ಮೌನ ಅವರ ಬಾಲ್ಯ. ಅವರನ್ನ ಯಾರೂ ಕೇಳಲಿಲ್ಲ. ಬಿಷಪ್‌ಗಳು ವೋಟು ಹಾಕಿದ್ರು, ಪಾದ್ರಿಗಳು ಬದಲಾಯಿಸಿದ್ರು, ಒಂದು ಭಾನುವಾರ ಹೋಗಿ ನೋಡಿದ್ರೆ ಎಲ್ಲ ಬೇರೆ. ಫ್ರೆಂಚ್ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ಹೊಸ ಪೂಜೆಯನ್ನ ಒಪ್ಪದೆ 1970ರಲ್ಲಿ ಬೇರೆ ಸಂಘ ಕಟ್ಟಿದ್ರು. 1988ರಲ್ಲಿ ಪೋಪ್ ಅನುಮತಿ ಇಲ್ದೆ ನಾಲ್ವರು ಬಿಷಪ್‌ಗಳನ್ನ ಅಭಿಷೇಕ ಮಾಡಿ ಬಹಿಷ್ಕಾರಕ್ಕೆ ಒಳಗಾದ್ರು. ಲ್ಯಾಟಿನ್ ಪೂಜೆಯ ಜಗಳ ಇವತ್ತಿಗೂ ಆರಿಲ್ಲ. ಒತ್ತಾವಿಯಾನಿ ಭಯದಲ್ಲಿ ಸ್ವಲ್ಪ ಸತ್ಯ ಇತ್ತು ಅಂದಿದ್ದು ಇದಕ್ಕೇ.

ಇನ್ನು ಹೆಣ್ಣುಮಕ್ಕಳು. 4ನೇ ಪೋಸ್ಟಿನ ಫೋಟೋಗೆ ವಾಪಸ್ ಹೋಗಿ ನೋಡಿ. ಆ ಸಾಲುಗಳಲ್ಲಿ ಒಬ್ಬ ಹೆಂಗಸೂ ಇಲ್ಲ. 1963ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಕಾರ್ಡಿನಲ್ ಸ್ಯೂನೆನ್ಸ್ ಎದ್ದು, ಮನುಕುಲದ ಅರ್ಧ ಭಾಗ ಹೆಂಗಸರು, ಅವರೆಲ್ಲಿ ಅಂತ ಕೇಳಿದ ಮೇಲೆ, 1964ರಿಂದ ಕೆಲವರನ್ನ ಕರೆದ್ರು. ಕೊನೆಗೆ ಒಟ್ಟು 23 ಜನ. ಅವರ ಪದವಿ: ಕೇಳುಗರು. ಕಮಿಟಿಗಳಲ್ಲಿ ಕೆಲವರ ಮಾತಿಗೆ ಬೆಲೆ ಸಿಕ್ತು, ಆದ್ರೆ ಮಹಾಸಭೆಯ ಮೈಕ್ ಸಿಗಲಿಲ್ಲ, ವೋಟೂ ಇರಲಿಲ್ಲ.

ಹಾಗಾಗಿ ಈ ಕಥೆಗೆ "ಎಲ್ಲ ಸರಿಹೋಯ್ತು" ಅನ್ನೋ ಕೊನೆ ಇಲ್ಲ. ಆದ್ರೂ ನಾನು ಕಲಿತಿದ್ದು ಹೇಳ್ತೀನಿ.

ಬದಲಾವಣೆ ಬೇಕಾದ್ರೆ ಒಳ್ಳೇ ಭಾಷಣಕ್ಕಿಂತ ಮೊದಲು ಕಮಿಟಿ ಲಿಸ್ಟ್ ನೋಡಿ. ಹೆಸರು ಬರೆದವರು ಯಾರು, ಓದೋಕೆ ಟೈಮ್ ಎಷ್ಟು ಕೊಟ್ರು, ಪ್ರಶ್ನೆ ಹೇಗೆ ಇಟ್ರು. ಅಕ್ಟೋಬರ್ 13ರಂದು ಲಿಯೆನಾರ್ ಕೇಳಿದ್ದು ಕ್ರಾಂತಿ ಅಲ್ಲ, ಕೆಲವು ದಿನ. ಅಷ್ಟು ಸಾಕಾಯ್ತು.

ಮತ್ತೆ, ನಿಮಗೇ ಅಧಿಕಾರ ಸಿಕ್ಕಾಗ (ಸಿಗುತ್ತೆ, ಕ್ಲಾಸ್ ರೆಪ್ ಆಗಿನಾದ್ರೂ) ಈ ಅಜ್ಜನನ್ನ ನೆನಪಿಸ್ಕೊಳ್ಳಿ. ಜನರನ್ನ ಕರೆದ್ರು, ಮಾತಾಡೋಕೆ ಬಿಟ್ರು, ತಮ್ಮ ಇಷ್ಟದ ಲ್ಯಾಟಿನ್ ಸೋಲುವಾಗಲೂ ಕೈ ಹಾಕಲಿಲ್ಲ. ನಿಯಮವೇ ಬಹುಮತದ ಬಾಯಿ ಕಟ್ಟಿದಾಗ ಮಾತ್ರ ಎದ್ದು ಬಂದ್ರು. ಉಳಿದಿದ್ದನ್ನ ನೋಡೋಕೆ ತಾನಿರಲ್ಲ ಅಂತ ಗೊತ್ತಿದ್ದೂ ಶುರು ಮಾಡಿದ್ರು.

ನಿಮ್ಮ ಕಾಲೇಜಲ್ಲೋ ಊರಲ್ಲೋ ಮನೇಲೋ "ಮೊದಲಿಂದಲೂ ಹೀಗೇ" ಅನ್ನೋ ಒಂದು ವಿಷಯ ಯಾವುದು? ಅದನ್ನ ಬದಲಾಯಿಸುವಾಗ ಯಾರನ್ನ ಕೇಳೋದು ಮರೀತೀವಿ? ಎರಡೂ ಪ್ರಶ್ನೆಗೆ ಉತ್ತರ ಕಾಮೆಂಟಲ್ಲಿ ಹಾಕಿ. ಅಜ್ಜಿ ತಾತನ ಲ್ಯಾಟಿನ್ ಕಾಲದ ನೆನಪು ಸಿಕ್ಕಿದ್ರೆ ಅದನ್ನ ಖಂಡಿತ ಬರೀರಿ. ಅವರಿದ್ದಾಗಲೇ ಕೇಳ್ಬೇಕು.

#ಇತಿಹಾಸ #ಕನ್ನಡದಲ್ಲಿಇತಿಹಾಸ #ವ್ಯಾಟಿಕನ್ಮಹಾಸಭೆ #ಬದಲಾವಣೆ #ಓದಿಹಂಚಿ